ಮಳೆ ಕುಗ್ಗಿದಾಗ ನಿತ್ಯಹಸಿರು ಮರಗಳು

(ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಪಾಠ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಭತ್ತ, ಜೋಳ, ಕಳೆ, ಗೊಬ್ಬರಗಳ ಬಗ್ಗೆ ಮಾತನಾಡುವುದು ನನ್ನ ರೂಢಿ. ಇಂದು ಕಾಡಿನ ಮರದ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಎರಡು ಕಾರಣಗಳುಂಟು. ನಿಮ್ಮ ತೋಟಕ್ಕೆ ಬೇಕಾದ ಸೊಪ್ಪು, ದರಕು, ಬೇಸಿಗೆಯ ಒರತೆ ಎಲ್ಲವೂ ಮೇಲಿನ ಸೊಪ್ಪಿನ ಬೆಟ್ಟದಿಂದ ಬರುತ್ತವೆಂಬುದು ಮೊದಲನೆಯದು. ಎರಡನೆಯದು ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಸೋದರಮಾವನವರಿಗೆ ಒಂದಿಷ್ಟು ತೋಟ, ಅದಕ್ಕೆ ಸೇರಿದ ಬೆಟ್ಟ ಇವೆ. ಬೆಟ್ಟದ ನೆತ್ತಿಯಲ್ಲಿ ನಾಲ್ಕು ಹಲಸಿನ ಮರಗಳಿದ್ದವು. ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪ. 2016ರಲ್ಲಿ ಮಳೆ ಕೈಕೊಟ್ಟಾಗ ಮಾವ ನನ್ನನ್ನು ಕೇಳಿದರು: "ತಮಾ, ಹಲಸಿನ ಮರಗಳ ಮೇಲ್ಬದಿಗೆ ಇಂಗುಗುಂಡಿ ತೋಡಿಸಿ ದರಕು ತುಂಬಿಸಲೇ?" ನಾನು ನಕ್ಕುಬಿಟ್ಟೆ. "ಮಾವ, ಅವುಗಳ ಬೇರು ಪಾತಾಳಕ್ಕೆ ಇಳಿದಿರುತ್ತದೆ. ಆಳುಗಳ ಕೂಲಿಯನ್ನು ಎಳೆಯ ಗಿಡಗಳಿಗೆ ಖರ್ಚು ಮಾಡಿ" ಎಂದೆ. ಅವರು ಹಾಗೆಯೇ ಮಾಡಿದರು. ಮರುವರ್ಷ ಮಳೆ ಬಂತು, ಎಲ್ಲರೂ ನಿಟ್ಟುಸಿರು ಬಿಟ್ಟೆವು. ಆದರೆ ಆ ಬೇಸಿಗೆಯಿಂದಲೇ ಹಲಸಿನ ತಲೆ ತೆಳುವಾಗುತ್ತ ಬಂದಿತ್ತು. ತುದಿಯ ಕೊಂಬೆಗಳು ಒಣಗಿದವು. 2018ರ ಮಳೆಗಾಲ ಮುಗಿಯುವಷ್ಟರಲ್ಲಿ ನಾಲ್ಕರಲ್ಲಿ ಎರಡು ಮರಗಳು ನಿಂತಲ್ಲೇ ಸತ್ತಿದ್ದವು. ಅವುಗಳ ಬುಡದಲ್ಲೇ ಇದ್ದ ತೊಡೆಗಾತ್ರದ ಹಲಸು, ಉಪ್ಪಾಗೆ, ಮುರುಗಲು ಗಿಡಗಳಿಗೆ ಏನೂ ಆಗಿರಲಿಲ್ಲ. ಮಾವ ಬೈಯಲಿಲ್ಲ. "ನೀನು ಓದಿದ್ದು ಹುಲ್ಲಿನ ಶಾಸ್ತ್ರ, ಮರದ್ದಲ್ಲ" ಎಂದರು ಅಷ್ಟೆ. ಭತ್ತ, ಜೋಳ, ರಾಗಿ ಎಲ್ಲವೂ ಹುಲ್ಲಿನ ಕುಟುಂಬದವೇ ಆದ್ದರಿಂದ ನನಗೆ ಉತ್ತರ ಹೊಳೆಯಲಿಲ್ಲ.

ಬೇರು ಆಳಕ್ಕಿಳಿದ ದೊಡ್ಡ ಮರವೇ ಮೊದಲು ಹೋದದ್ದೇಕೆ? ಹೋಗುವುದಿದ್ದರೆ ಬರದ ವರ್ಷವೇ ಹೋಗಬೇಕಿತ್ತು, ಮಳೆ ಬಂದ ಮೇಲೆ ಸತ್ತದ್ದೇಕೆ? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ನಾನು ಓದಿ ತಿಳಿದದ್ದನ್ನು ಇಂದು ತಮ್ಮ ಮುಂದಿಡುತ್ತೇನೆ.

ತೇಗ, ಮತ್ತಿ, ಹೊನ್ನೆ ಮೊದಲಾದವು ಬೇಸಿಗೆ ಬಂದೊಡನೆ ಎಲೆ ಉದುರಿಸಿ ಅಂಗಡಿ ಮುಚ್ಚಿಬಿಡುತ್ತವೆ. ಎಲೆಯಿಲ್ಲದಿದ್ದರೆ ನೀರಿನ ಖರ್ಚೂ ಇಲ್ಲ. ಹಲಸು, ಹೆಬ್ಬಲಸು, ರಾಮಪತ್ರೆ, ಧೂಪ ಇವುಗಳಿಗೆ ಆ ಅನುಕೂಲವಿಲ್ಲ. ಇವೂ ಎಲೆ ಉದುರಿಸುತ್ತವೆ, ಆದರೆ ಎಲ್ಲವನ್ನೂ ಒಮ್ಮೆಗೇ ಅಲ್ಲ. ಆದ್ದರಿಂದ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಇವುಗಳ ತಲೆಯ ಮೇಲೆ ಎಲೆಯ ಭಾರವಿರುತ್ತದೆ. ಎಲೆಯಿದ್ದಷ್ಟು ಕಾಲ ನೀರು ಆವಿಯಾಗುತ್ತಲೇ ಇರುತ್ತದೆ. ನೆಲದಲ್ಲಿ ತೇವ ಕಡಿಮೆಯಾದಾಗ ಮರವು ಎಲೆಯ ಅಡಿಭಾಗದ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಇದರಿಂದ ನೀರು ಉಳಿಯುತ್ತದೆ. ಆದರೆ ಇಂಗಾಲದ ಡೈಆಕ್ಸೈಡು ಒಳಬರುವುದೂ ಅದೇ ಬಾಗಿಲಿನಿಂದ. ಬಾಗಿಲು ಮುಚ್ಚಿದರೆ ಅಡುಗೆ ನಿಂತಿತು. ಬಾಗಿಲು ತೆರೆದರೆ ನೀರು ಹೋಯಿತು.

ಹಾಗಾದರೆ ದೀರ್ಘಕಾಲ ಮಳೆ ಕಡಿಮೆಯಾದಾಗ ಮರ ಸಾಯುವುದು ಹಸಿವಿನಿಂದಲೋ ಬಾಯಾರಿಕೆಯಿಂದಲೋ? ವಿಜ್ಞಾನಿಗಳು ಬಹಳ ಕಾಲ ಈ ಬಗ್ಗೆ ವಾದಿಸಿದರು. ಹೊಲದಲ್ಲಾದರೆ ಒಂದು ತಾಕಿಗೆ ನೀರು ಕೊಟ್ಟು ಇನ್ನೊಂದಕ್ಕೆ ತಪ್ಪಿಸಿ ನೋಡಬಹುದು. ನೂರಡಿ ಎತ್ತರದ ಕಾಡಿಗೆ ಮಳೆ ತಪ್ಪಿಸುವುದು ಹೇಗೆ?

ಬ್ರೆಜಿಲ್ ದೇಶದಲ್ಲಿ ಅದನ್ನೂ ಮಾಡಿದ್ದಾರೆ. ಅಮೆಜಾನ್ ಕಾಡಿನ ಪೂರ್ವ ಭಾಗದ ಪಾರಾ ರಾಜ್ಯದಲ್ಲಿ ಕಶಿವಾನಾ ಎಂಬ ರಾಷ್ಟ್ರೀಯ ಅರಣ್ಯವಿದೆ. ಅಲ್ಲಿ ವರ್ಷಕ್ಕೆ 2000ದಿಂದ 2500 ಮಿ.ಮೀ. ಮಳೆ. ಶಿರಸಿಯ ಲೆಕ್ಕಕ್ಕೆ ಬಹಳ ದೂರವೇನಲ್ಲ, ಆದರೆ ನಮ್ಮಲ್ಲಿಯಂತೆ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುವುದಿಲ್ಲ. 2002ರಲ್ಲಿ ಬ್ರೆಜಿಲ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು, ಮುಖ್ಯವಾಗಿ ಆಂಟೋನಿಯೊ ಕಾರ್ಲೋಸ್ ಲೋಲಾ ಡ ಕೋಸ್ಟ ಮತ್ತು ಪ್ಯಾಟ್ರಿಕ್ ಮೀರ್ ಇವರ ತಂಡ, ಅಲ್ಲಿ ಒಂದು ಹೆಕ್ಟೇರು ಎಂದರೆ ಎರಡೂವರೆ ಎಕರೆ ಕಾಡನ್ನು ಗುರುತು ಮಾಡಿತು. ನೆಲದಿಂದ ಒಂದೆರಡು ಮೀಟರು ಎತ್ತರದಲ್ಲಿ, ಮರದ ಕಾಂಡಗಳ ನಡುವೆ, ಪ್ಲಾಸ್ಟಿಕ್ ಹಲಗೆಗಳ ಚಾವಣಿ ಕಟ್ಟಿತು. ಕಾಡಿನ ತಲೆಯಿಂದ ತೊಟ್ಟಿಕ್ಕುವ ಮಳೆಯಲ್ಲಿ ಸುಮಾರು ಅರ್ಧ ಭಾಗ ಈ ಚಾವಣಿಯ ಮೇಲೆ ಬಿದ್ದು, ದೋಣಿಗಳ ಮೂಲಕ ಹೊರಕ್ಕೆ ಹರಿದುಹೋಗುವಂತೆ ಏರ್ಪಾಟಾಯಿತು. ಪಕ್ಕದ ನೀರು ಒಳಗೆ ಸೇರದಂತೆ ಸುತ್ತಲೂ ಕಂದಕ ತೋಡಿದರು. ಚಾವಣಿಯ ಮೇಲೆ ಬಿದ್ದ ತರಗೆಲೆಯನ್ನು ಗುಡಿಸಿ ಮತ್ತೆ ನೆಲಕ್ಕೇ ಹಾಕಿದರು. ನೀರು ಮಾತ್ರ ತಪ್ಪಬೇಕು, ಗೊಬ್ಬರ ತಪ್ಪಬಾರದೆಂದು ಈ ಎಚ್ಚರಿಕೆ. ಪಕ್ಕದಲ್ಲಿ ಚಾವಣಿಯಿಲ್ಲದ ಅಷ್ಟೇ ವಿಸ್ತೀರ್ಣದ ಇನ್ನೊಂದು ತಾಕನ್ನು ಹೋಲಿಕೆಗೆ ಇಟ್ಟುಕೊಂಡರು.

ಪುನರಾವರ್ತನೆಯಿಲ್ಲದ ಇಂಥ ಪ್ರಯೋಗವನ್ನು ನಾನು ತೆಗೆದುಕೊಂಡು ಹೋದರೆ ನಮ್ಮ ಸಂಖ್ಯಾಶಾಸ್ತ್ರದ ಅಧ್ಯಾಪಕರು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರು. ಆದರೆ ಎರಡೂವರೆ ಎಕರೆ ಕಾಡಿಗೆ ಒಂದು ಸೂರು ಹೊದಿಸಿ ಇಪ್ಪತ್ತು ವರ್ಷಕ್ಕೂ ಮೀರಿ ಅದನ್ನು ದುರಸ್ತಿ ಮಾಡುತ್ತ ಕಾಯುವುದು ಸಾಮಾನ್ಯ ಕೆಲಸವಲ್ಲ. ಇನ್ನೊಂದು ಸಮಾಧಾನವೆಂದರೆ, ಅದೇ ಪಾರಾ ರಾಜ್ಯದ ತಪಾಜೋಸ್ ಎಂಬಲ್ಲಿ ಡೇನಿಯಲ್ ನೆಪ್‌ಸ್ಟಾಡ್ ಅವರ ತಂಡ 2000ದಿಂದ 2004ರವರೆಗೆ ನಡೆಸಿದ ಬೇರೊಂದು ಪ್ರಯೋಗವೂ ಇದೇ ದಿಕ್ಕನ್ನು ತೋರಿಸಿತು.

ತಪಾಜೋಸ್‌ನ ಫಲಿತಾಂಶವನ್ನು ಮೊದಲು ನೋಡೋಣ. ಮೊದಲ ಒಂದೆರಡು ವರ್ಷ ಮರಗಳು ಹೆಚ್ಚೇನೂ ಸಾಯಲಿಲ್ಲ. ಬೆಳವಣಿಗೆ ಮಾತ್ರ ಕುಂಠಿತವಾಯಿತು. ಮೇಲ್ಮಣ್ಣು ಒಣಗಿದರೂ ಬೇರುಗಳು ಹತ್ತು ಮೀಟರಿಗೂ ಮೀರಿದ ಆಳದಿಂದ ನೀರು ಎಳೆಯುತ್ತಿದ್ದವು. ಹಾಗಾದರೆ "ಬೇರು ಪಾತಾಳಕ್ಕೆ ಇಳಿದಿದೆ" ಎಂದು ನಾನು ಮಾವನಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ನಾನು ಮರೆತದ್ದೇನೆಂದರೆ ಆ ಆಳದ ನೀರೂ ಒಂದು ಉಳಿತಾಯ ಖಾತೆ, ಬ್ಯಾಂಕಿನಲ್ಲಿಟ್ಟ ಹಣದಂತೆ. ಪ್ರತಿ ಮಳೆಗಾಲ ಅದಕ್ಕೆ ಜಮಾ ಆಗಬೇಕು. ಜಮಾ ಅರ್ಧವಾಗಿ ಖರ್ಚು ಹಾಗೇ ಉಳಿದರೆ, ಖಾತೆ ಬರಿದಾಗುವುದಕ್ಕೆ ಎರಡು ಮೂರು ವರ್ಷ ಹಿಡಿಯುತ್ತದೆ. ತಪಾಜೋಸ್‌ನಲ್ಲಿ ಮೂರನೆಯ ವರ್ಷ ದಾಟುತ್ತಿದ್ದಂತೆ ಸಾವು ಎದ್ದು ಕಾಣಿಸಿತು. ಒಟ್ಟು ಮರಗಳ ಸಾವಿನ ಪ್ರಮಾಣ ಹೋಲಿಕೆ ತಾಕಿಗಿಂತ ಶೇ. 38ರಷ್ಟು ಹೆಚ್ಚಿತು. ದೊಡ್ಡ ಮರಗಳಲ್ಲಿ ಈ ಪ್ರಮಾಣ ನಾಲ್ಕೂವರೆ ಪಟ್ಟು ಆಯಿತು.

ಪರಿಣಾಮ ತಡವಾಗಿ ಕಾಣುವುದು ತೆಂಗು ಬೆಳೆಯುವವರಿಗೆ ಹೊಸ ವಿಷಯವಲ್ಲ. ತೆಂಗಿನ ಹೊಂಬಾಳೆ ಸುಳಿಯೊಳಗೆ ಮೊಳೆತಂದಿನಿಂದ ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಬೇಕು. ಆದ್ದರಿಂದ ಒಂದು ವರ್ಷದ ಬರ ಮೂರನೆಯ ವರ್ಷದ ಕೊಯ್ಲಿನಲ್ಲೂ ಲೆಕ್ಕ ಕೇಳುತ್ತದೆ. ಕಾಡಿನ ಮರ ಕಾಯಿಯ ಬದಲು ತನ್ನ ಜೀವದಲ್ಲೇ ಲೆಕ್ಕ ತೀರಿಸುತ್ತದೆ.

ಇನ್ನು ಕಶಿವಾನಾ. ಅಲ್ಲಿಯೂ ಸತ್ತವುಗಳಲ್ಲಿ ಹೆಚ್ಚಿನವು ದೊಡ್ಡವೇ, ಅದರಲ್ಲೂ ಎದೆಮಟ್ಟದಲ್ಲಿ 40 ಸೆಂ.ಮೀ.ಗಿಂತ ಹೆಚ್ಚು ಅಡ್ಡಳತೆಯವು. ಹಸಿವಿನ ವಾದ ನಿಜವಾಗಿದ್ದರೆ ಬರದ ತಾಕಿನ ಮರಗಳ ಎಲೆ, ಕೊಂಬೆ, ಕಾಂಡಗಳಲ್ಲಿ ಕೂಡಿಟ್ಟ ಸಕ್ಕರೆ, ಪಿಷ್ಟಗಳು ಕರಗಿಹೋಗಿರಬೇಕಿತ್ತು. ಅಳೆದು ನೋಡಿದರೆ ಹೋಲಿಕೆ ತಾಕಿನ ಮರಗಳಲ್ಲಿರುವಷ್ಟೇ ಇತ್ತು. ಕಣಜ ತುಂಬಿದ್ದರೂ ಮರ ಸತ್ತಿತ್ತು. 2015ರಲ್ಲಿ ಲೂಸಿ ರೋಲ್ಯಾಂಡ್ ಮತ್ತು ಸಂಗಡಿಗರು ಈ ವಿಷಯವನ್ನು ಪ್ರಕಟಿಸಿ, ಸಾವಿಗೆ ಮೂಲ ಕಾರಣ ಹಸಿವಲ್ಲ, ಕಾಂಡದೊಳಗಿನ ನೀರಿನ ದಾರಿ ಕಡಿದುಹೋಗುವುದು ಎಂದು ತೋರಿಸಿದರು.

ನೀರಿನ ದಾರಿ ಕಡಿಯುವುದೆಂದರೇನು? ಇದನ್ನು ಪಂಪ್‌ಸೆಟ್ ಇಟ್ಟವರಿಗೆ ವಿವರಿಸುವುದು ಸುಲಭ. ಸಕ್ಷನ್ ಪೈಪಿನಲ್ಲಿ ಒಂದು ಸಣ್ಣ ಬಿರುಕಿದ್ದರೆ ಸಾಕು, ಪಂಪಿಗೆ "ಗಾಳಿ ಹಿಡಿಯಿತು" ಎನ್ನುತ್ತೇವೆ. ಮೋಟಾರು ತಿರುಗುತ್ತದೆ, ನೀರು ಏಳುವುದಿಲ್ಲ. ಮರದ ಕಾಂಡದಲ್ಲಿ ಕೂದಲೆಳೆಯಂಥ ಸಾವಿರಾರು ನಾಳಗಳಿವೆ. ಬೇರಿನಿಂದ ಎಲೆಯವರೆಗೆ ನೀರು ತುಂಡಾಗದ ಒಂದೊಂದು ಎಳೆಯಾಗಿ ನಿಂತಿರುತ್ತದೆ. ಎಲೆಯಿಂದ ನೀರು ಆವಿಯಾದಂತೆಲ್ಲ ಆ ಎಳೆ ಮೇಲಕ್ಕೆ ಜಗ್ಗಲ್ಪಡುತ್ತದೆ. ನಮ್ಮ ಸಕ್ಷನ್ ಪಂಪು ಹತ್ತು ಮೀಟರು ಆಳದಿಂದಲೂ ನೀರೆತ್ತಲಾರದು. ಮರ ಮೂವತ್ತು, ನಲವತ್ತು ಮೀಟರು ಎತ್ತುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಇದು ಸಾಧ್ಯ. ಮಣ್ಣು ಒಣಗುತ್ತ ಹೋದಂತೆ ಮಣ್ಣು ನೀರನ್ನು ಬಿಟ್ಟುಕೊಡುವುದಿಲ್ಲ, ಎಲೆ ಎಳೆಯುವುದನ್ನು ಬಿಡುವುದಿಲ್ಲ. ನಡುವಿನ ಎಳೆ ಒಂದು ಹಂತದಲ್ಲಿ ತುಂಡಾಗಿ ನಾಳದೊಳಗೆ ಗಾಳಿ ಸೇರುತ್ತದೆ. ಆ ನಾಳ ಅಲ್ಲಿಗೆ ಮುಗಿಯಿತು. ಪಂಪಿಗೆ ನೀರು ಹೊಯ್ದು ಮತ್ತೆ ಚಾಲೂ ಮಾಡಬಹುದು. ನಲವತ್ತು ಮೀಟರು ಮರಕ್ಕೆ ಮೇಲಿನಿಂದ ನೀರು ಹೊಯ್ಯುವವರು ಯಾರು?

ಎತ್ತರ ಹೆಚ್ಚಾದಷ್ಟು ಎಳೆತ ಹೆಚ್ಚು. ದೊಡ್ಡ ಮರದ ತಲೆ ಉಳಿದವುಗಳ ಮೇಲೆ ಎದ್ದಿರುವುದರಿಂದ ಬಿಸಿಲು, ಒಣಗಾಳಿ ನೇರವಾಗಿ ಅದಕ್ಕೇ ತಗಲುತ್ತವೆ. ಕೆಳಗಿನ ಗಿಡ ಅದರದೇ ನೆರಳಿನಲ್ಲಿ ತಣ್ಣಗಿರುತ್ತದೆ. ನಾಳಗಳಲ್ಲಿ ನಾಲ್ಕಾರು ಕಡಿದರೆ ಮರ ಸಾಯುವುದಿಲ್ಲ. ಹೆಚ್ಚು ಹೆಚ್ಚು ಕಡಿದಂತೆ ತುದಿಯ ಕೊಂಬೆಗಳು ಮೊದಲು ಒಣಗುತ್ತವೆ. ಅಷ್ಟರಲ್ಲಿ ಮಳೆ ಬಂದರೂ ಮುರಿದುಹೋದ ದಾರಿಯಲ್ಲಿ ನೀರು ಏರುವುದಿಲ್ಲ. ಸೋತ ಮರಕ್ಕೆ ಹುಳು, ಶಿಲೀಂಧ್ರಗಳ ಬಾಧೆಯೂ ಸುಲಭವಾಗಿ ತಗಲುತ್ತದೆ. ಮಳೆ ಬಂದ ಮೇಲೆ ಹಲಸು ಸತ್ತದ್ದೇಕೆಂಬ ಮಾವನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ಗುಂಡಿ ತೋಡಿದ್ದರೆ ಆ ಮರಗಳು ಉಳಿಯುತ್ತಿದ್ದವೇ ಎಂದರೆ, ಪ್ರಮಾಣ ಮಾಡಿ ಹೇಳಲಾರೆ. ತೋಡಬೇಡಿ ಎಂದದ್ದಂತೂ ತಪ್ಪು.

ಉಳಿದ ಮರಗಳಾದರೂ ಬರಕ್ಕೆ ಒಗ್ಗಿಕೊಂಡವೇ? ನಾವೆಲ್ಲ ಕೇಳಲು ಆಸೆಪಡುವ ಮಾತು ಇದು. ಕಶಿವಾನಾದ ಮರಗಳನ್ನು ಹದಿನೈದು ವರ್ಷಗಳ ನಂತರ ಪರೀಕ್ಷಿಸಿದಾಗ, ಗಾಳಿ ಹಿಡಿಯದಂತೆ ತಡೆಯುವ ನಾಳಗಳ ಶಕ್ತಿಯಲ್ಲಿ ಏನೂ ಸುಧಾರಣೆ ಕಾಣಲಿಲ್ಲ. ಎಲೆಗೆ ಹೋಲಿಸಿದರೆ ನೀರು ಸಾಗಿಸುವ ಹಸಿಮರದ ಪಾಲು ಸ್ವಲ್ಪ ಹೆಚ್ಚಾಗಿತ್ತು, ಅಷ್ಟೆ. ಎಳೆಯ ಮರಗಳು ಮಾತ್ರ ಚುರುಕಾಗಿದ್ದವು. ದೊಡ್ಡವು ಬಿದ್ದು ಬೆಳಕು ಬಂದದ್ದರಿಂದ ಅವುಗಳ ಎಲೆಗಳು ಹೆಚ್ಚು ಆಹಾರ ತಯಾರಿಸತೊಡಗಿದ್ದವು. ಮರಕ್ಕೆ ವಯಸ್ಸಾದ ಮೇಲೆ ಹೊಸ ಅಭ್ಯಾಸ ಕಲಿಸುವುದು ಕಷ್ಟವೆಂದು ತೋರುತ್ತದೆ. ಮನುಷ್ಯರ ಬಗ್ಗೆ ನಾನು ಏನೂ ಹೇಳುತ್ತಿಲ್ಲ!

ಆದರೂ ಆ ಕಾಡು ಪೂರ್ತಿ ನಾಶವಾಗಲಿಲ್ಲ. 22 ವರ್ಷಗಳ ಲೆಕ್ಕವನ್ನು 2025ರಲ್ಲಿ ಪ್ರಕಟಿಸಿದ್ದಾರೆ. ಮೊದಲ ಸುಮಾರು 15 ವರ್ಷಗಳಲ್ಲಿ ಆ ತಾಕು ತನ್ನ ಮರದ ರಾಶಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ಅಲ್ಲಿಗೆ ಇಳಿತ ನಿಂತಿತು. ಮುಂದಿನ ಏಳು ವರ್ಷ ರಾಶಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಆ ವರ್ಷಗಳಲ್ಲೂ ಚಾವಣಿ ಹಾಗೇ ಇತ್ತು, ಅರ್ಧ ಮಳೆ ಹೊರಕ್ಕೆ ಹೋಗುತ್ತಲೇ ಇತ್ತು. ಆದರೂ ಉಳಿದ ಮರಗಳಲ್ಲಿ ಬಾಯಾರಿಕೆಯ ಲಕ್ಷಣವಿರಲಿಲ್ಲ. ಕಾರಣ ಸರಳ. ಉಣ್ಣುವವರು ಕಡಿಮೆಯಾದದ್ದರಿಂದ ಇದ್ದ ನೀರು ಉಳಿದವರಿಗೆ ಸಾಲುತ್ತಿತ್ತು. ಮರಗಳು ಒಗ್ಗಿಕೊಳ್ಳಲಿಲ್ಲ, ಕಾಡು ಚಿಕ್ಕದಾಯಿತು. ಈ ವರದಿಯನ್ನು ಓದಿ ಕೆಲವರು "ಕಾಡು ಬರಕ್ಕೆ ಹೊಂದಿಕೊಳ್ಳುತ್ತದೆ" ಎಂದು ಸಂತೋಷಪಟ್ಟರು. ಮನೆಯ ಹಿರಿಯರು ಸತ್ತು ಅನ್ನ ಉಳಿಯಿತೆಂದರೆ ಅದನ್ನು ಸುಭಿಕ್ಷವೆನ್ನಲು ನನಗೆ ಬಾಯಿ ಬರುವುದಿಲ್ಲ. ಪ್ರಯೋಗದ ಇನ್ನೊಂದು ಮಿತಿಯನ್ನೂ ಹೇಳಬೇಕು. ಚಾವಣಿ ಮಳೆಯನ್ನು ತಡೆಯಿತು, ಸುತ್ತಲ ಗಾಳಿಯ ತೇವವನ್ನಲ್ಲ. ನಿಜವಾದ ಬರದಲ್ಲಿ ಗಾಳಿಯೂ ಬಿಸಿಯಾಗಿ ಒಣಗಿರುತ್ತದೆ.

ಚಾವಣಿಯಿಲ್ಲದೆ ತಾನಾಗಿಯೇ ಮಳೆ ಕುಗ್ಗಿದ ಕಾಡು ಎಲ್ಲಿಯಾದರೂ ಇದೆಯೇ ಎಂದರೆ, ಆಸ್ಟ್ರೇಲಿಯದ ನೈರುತ್ಯ ಮೂಲೆಯಲ್ಲಿದೆ. ಅಲ್ಲಿ ಏಪ್ರಿಲಿನಿಂದ ಅಕ್ಟೋಬರಿನವರೆಗಿನ ಮಳೆ 1970ರಿಂದೀಚೆಗೆ ಸುಮಾರು ಶೇ. 16ರಷ್ಟು ಇಳಿದಿದೆ. ಅಲ್ಲಿನ ಮುಖ್ಯ ಮರ ಜಾರಾ, ನಮ್ಮ ನೀಲಗಿರಿಯ ಬಳಗದ ನಿತ್ಯಹಸಿರು ಮರ. ನೆಲ ಬಹುಮಟ್ಟಿಗೆ ನಿಮ್ಮಲ್ಲಿಯಂಥ ಜಂಬಿಟ್ಟಿಗೆ. ಜಾರಾದ ಬೇರು ಬಿರುಕುಗಳಲ್ಲಿ ಹತ್ತಾರು ಮೀಟರು ಆಳಕ್ಕೆ ಇಳಿಯುತ್ತದೆ. ನಾಲ್ಕು ದಶಕ ಕಾಡು ಹೊರಗಿನಿಂದ ಹಸಿರಾಗಿಯೇ ಕಾಣುತ್ತಿತ್ತು, ಕೆಳಗೆ ಅಂತರ್ಜಲ ಇಳಿಯುತ್ತಿತ್ತು. 2010ರಲ್ಲಿ ತೀವ್ರ ಬರ ಬಂದು, 2011ರ ಆರಂಭದಲ್ಲಿ ಬಿಸಿಗಾಳಿಯೂ ಸೇರಿದಾಗ ಸುಮಾರು 16,000 ಹೆಕ್ಟೇರಿನಲ್ಲಿ ಮರಗಳು ತೇಪೆ ತೇಪೆಯಾಗಿ ಕಂದುಬಣ್ಣಕ್ಕೆ ತಿರುಗಿದವು. ತೇಪೆಗಳು ಬಿದ್ದದ್ದು ಹೆಚ್ಚಾಗಿ ಕಲ್ಲುಬಂಡೆಗಳ ಅಕ್ಕಪಕ್ಕ, ಮಣ್ಣು ತೆಳುವಾಗಿದ್ದೆಡೆ. ಉಳಿತಾಯ ಖಾತೆ ಚಿಕ್ಕದಿದ್ದವರು ಮೊದಲು ದಿವಾಳಿ. ಜಾರಾಕ್ಕೆ ಬುಡದಿಂದ ಚಿಗುರುವ ಗುಣವಿರುವುದರಿಂದ ಅನೇಕವು ಮತ್ತೆ ಚಿಗುರಿದವು. ಆದರೆ ಒಂದೇ ಕಾಂಡದ ಹೆಮ್ಮರವಿದ್ದಲ್ಲಿ ಈಗ ಪೊದೆಯಂಥ ಹಲವು ಕಾಂಡಗಳಿವೆ.

ನಮ್ಮ ಘಟ್ಟದಲ್ಲಿ ಮಳೆ ಶಾಶ್ವತವಾಗಿ ಕಡಿಮೆಯಾಗಿದೆಯೆಂದು ಹೇಳಲು ನಾನು ಬಂದಿಲ್ಲ. ಆದರೆ 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತೆಂಬುದು ತಮಗೆ ನೆನಪಿರಬಹುದು. ನಮ್ಮ ಮರಗಳಿಗೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಜಮಾ ಆದದ್ದರಲ್ಲೇ ಮುಂದಿನ ಮೇ ತಿಂಗಳವರೆಗೆ ಸಂಸಾರ ನಡೆಯಬೇಕು. ಆ ಜಮಾ ನೆಲಕ್ಕಿಳಿಯುವಂತೆ ನೋಡುವುದೊಂದೇ ನಮ್ಮ ಕೈಲಿರುವುದು.

ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಒಬ್ಬ ಹಿರಿಯರು ಹೇಳಿದರು: "ಹಾಗಾದರೆ ದೊಡ್ಡ ಮರವೇ ನೀರು ಕುಡಿಯುವುದಲ್ಲವೋ? ಅದನ್ನು ಮಾರಿಬಿಟ್ಟರೆ ಉಳಿದವಕ್ಕೆ ಅನುಕೂಲ." ದಯವಿಟ್ಟು ಹಾಗೆ ತಿಳಿಯಬೇಡಿ. ಬೆಟ್ಟದ ಮರ ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕೆಂಬುದು ಹಾಗಿರಲಿ. ದೊಡ್ಡ ಮರ ಕುಡಿಯುವುದೂ ಹೌದು, ಕೆಳಗಿನವಕ್ಕೆ ನೆರಳು ಕೊಡುವುದೂ ಹೌದು, ಬೀಜ ಉದುರಿಸುವುದೂ ಅದೇ. ಕಶಿವಾನಾದಲ್ಲಿ ಅವು ಹೋದ ನಂತರ ಇಷ್ಟು ವರ್ಷಗಳಾದರೂ ಆ ಜಾಗ ತುಂಬಿಲ್ಲ. ನೀವೇ ನೆಟ್ಟ ಅಕೇಶಿಯ, ಸಿಲ್ವರ್ ಓಕ್ ನೆಡುತೋಪು ಒತ್ತಾಗಿದ್ದರೆ ಅದನ್ನು ಕಾಲಕಾಲಕ್ಕೆ ತೆಳು ಮಾಡುವ ಮಾತು ಬೇರೆ.

ಬೆಟ್ಟದಲ್ಲಿ ಮಾಡಬೇಕಾದ್ದು ಮಾವ ಕೇಳಿದ್ದನ್ನೇ. ದೊಡ್ಡ ಮರಗಳ ಮೇಲ್ಬದಿಗೆ, ಬುಡಕ್ಕೆ ತೀರ ಹತ್ತಿರವಲ್ಲದೆ, ದಪ್ಪ ಬೇರು ಕಡಿಯದಂತೆ, ಇಳಿಜಾರಿಗೆ ಅಡ್ಡಲಾಗಿ ಸಣ್ಣ ಸಣ್ಣ ಇಂಗುಗುಂಡಿಗಳು. ಕಲ್ಲು ಹಾಸಿರುವ ನೆತ್ತಿಯಿಂದ ಶುರುಮಾಡಿ, ಏಕೆಂದರೆ ಅಲ್ಲಿ ಖಾತೆ ಚಿಕ್ಕದು. ಇನ್ನು ದರಕು. ಬ್ರೆಜಿಲ್‌ನವರು ಚಾವಣಿಯ ಮೇಲಿನ ತರಗೆಲೆಯನ್ನೂ ಗುಡಿಸಿ ನೆಲಕ್ಕೆ ಹಾಕಿದರೆ, ನಾವು ನೆಲದ್ದನ್ನು ಗುಡಿಸಿ ಕೊಟ್ಟಿಗೆಗೆ ಒಯ್ಯುತ್ತೇವೆ. ತೋಟಕ್ಕೆ ದರಕು ಬೇಡವೆಂದು ನಾನು ಹೇಳಿದರೆ ನೀವು ಕೇಳುವುದಿಲ್ಲ, ಕೇಳಲೂಬೇಕಿಲ್ಲ. ದೊಡ್ಡ ಮರಗಳ ಕೆಳಗಿನದನ್ನು, ಮಳೆ ಕಡಿಮೆಯಾದ ವರ್ಷವಾದರೂ, ಅಲ್ಲೇ ಬಿಡಿ. ಮೇಲೆ ಹೊದಿಕೆಯಿದ್ದರೆ ತೇವ ಆರುವುದು ನಿಧಾನ, ಬಿದ್ದ ಮಳೆಯೂ ಹರಿಯದೆ ಇಂಗುತ್ತದೆ.

ಕೊನೆಯದಾಗಿ ಖರ್ಚಿಲ್ಲದ ಒಂದು ಕೆಲಸ. ನಿಮ್ಮ ಬೆಟ್ಟದ ಹತ್ತು ದೊಡ್ಡ ಮರಗಳನ್ನು ಆರಿಸಿ. ನೆಲದಿಂದ ನಾಲ್ಕೂಕಾಲು ಅಡಿ ಎತ್ತರದಲ್ಲಿ ಬಣ್ಣದಿಂದ ಗುರುತು ಹಾಕಿ, ಟೇಪಿನಿಂದ ಸುತ್ತಳತೆ ತೆಗೆದು ಮಗ್ಗಿ ಪುಸ್ತಕದ ಹಿಂದಾದರೂ ಸರಿ, ಬರೆದಿಡಿ. ತಲೆಯ ತುದಿಯಲ್ಲಿ ಒಣಕೊಂಬೆ ಇದೆಯೇ ಎಂದೂ ನೋಡಿ. ಎರಡು ಮೂರು ವರ್ಷ ಅಳತೆ ಸ್ವಲ್ಪವೂ ಏರದೆ, ತುದಿ ಒಣಗುತ್ತಿದ್ದರೆ ಆ ಮರಕ್ಕೆ ಗುಂಡಿ ಮೊದಲು. ಅಡಿಕೆ, ತೆಂಗುಗಳಿಗೆ ಈ ಅಳತೆ ಬೇಡ. ಅವುಗಳ ಕಾಂಡ ಒಮ್ಮೆ ಬೆಳೆದ ಮೇಲೆ ದಪ್ಪವಾಗುವುದಿಲ್ಲ, ಹಾಳಾದ ನಾಳದ ಬದಲು ಹೊಸದನ್ನು ಕಟ್ಟುವ ಪದರವೂ ಅವಕ್ಕಿಲ್ಲ. ಮಾವನ ಉಳಿದೆರಡು ಹಲಸುಗಳನ್ನು ನಾನೇ ಹೋಗಿ ಅಳೆದು ಬರುತ್ತೇನೆ. ಅಳತೆಯನ್ನು ಪ್ರತಿ ವರ್ಷ ಒಂದೇ ತಿಂಗಳಲ್ಲಿ ತೆಗೆಯಬೇಕು, ಜನವರಿ ಆದರೆ ಒಳ್ಳೆಯದು. ಮಳೆಗಾಲದಲ್ಲಿ ತೊಗಟೆ ನೀರು ಕುಡಿದು ಉಬ್ಬಿರುತ್ತದೆ, ಟೇಪು ಸುಳ್ಳು ಹೇಳುತ್ತದೆ.